ಕಣ್ಣಿನ ವೈದ್ಯರ ಸಂಶೋಧನೆಗೆ ಪ್ರತ್ಯೇಕ ಅನುದಾನ ಏಕೆ?

ಒಳ್ಳೆಯ ಕಣ್ಣಿನ ವೈದ್ಯರಿಗೆ ಸಂಶೋಧನೆಯೂ ತಾನಾಗಿ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಸಂಶೋಧನೆಗೆ ಬೇರೆಯದೇ ತರಬೇತಿ ಬೇಕು, ಸಮಯವೂ ಬೇಕು.

1950ರ ದಶಕದ ಆರಂಭದಲ್ಲಿ ಅಮೆರಿಕದ ಯುವ ನೇತ್ರವೈದ್ಯ ಆರ್ನಾಲ್ ಪಾಟ್ಸ್, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಂಧತ್ವಕ್ಕೆ ಅತಿಯಾದ ಆಮ್ಲಜನಕ ಕಾರಣವಿರಬಹುದೆಂದು ಶಂಕಿಸಿದರು. ಮೊದಲಿಗೆ ಅನುದಾನ ಸಿಗದೆ, ಸಹೋದರನಿಂದ ಸಾಲ ಪಡೆದು ಅಧ್ಯಯನ ನಡೆಸಿದರು. ಶಂಕೆ ನಿಜವಾಯಿತು. ಆಮ್ಲಜನಕದ ಬಳಕೆಗೆ ಮಿತಿ ಬಂದು ಅನೇಕ ಮಕ್ಕಳ ದೃಷ್ಟಿ ಉಳಿಯಿತು.

ಇಂದು ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆಯು ವೈದ್ಯರಿಗೆ ‘ಕೆ08’, ‘ಕೆ23’ ಎಂಬ ಅನುದಾನ ನೀಡುತ್ತದೆ. ಇದನ್ನು ಪಡೆದವರು ಅನುಭವಿ ಮಾರ್ಗದರ್ಶಕರ ಜೊತೆಗಿದ್ದು, ಸಾಮಾನ್ಯವಾಗಿ ಕೆಲಸದ ವೇಳೆಯ ಕನಿಷ್ಠ ಶೇ 75ರಷ್ಟನ್ನು ಸಂಶೋಧನೆ ಮತ್ತು ಅದರ ತರಬೇತಿಗೆ ಮೀಸಲಿಡಬೇಕು. ಅಂದರೆ, ಈ ಹಣದಿಂದ ವೈದ್ಯರಿಗೆ ಮುಖ್ಯವಾಗಿ ಸಿಗುವುದು ಸಮಯ. ಪಾಟ್ಸ್ ಅವರಿಗೆ ಸಾಲ ಕೊಡಲು ಸಹೋದರನಿದ್ದ, ಎಲ್ಲರಿಗೂ ಇರುವುದಿಲ್ಲ.