ಸಾವಿನ ಮರವೇ ಅಕ್ಕಿಚೀಲವಾದ ಕಥೆ

1783ರ ಡಿಸೆಂಬರ್‌ನಲ್ಲಿ ‘ಲಂಡನ್ ಮ್ಯಾಗಜೀನ್’ ಪತ್ರಿಕೆ ಜಾವಾ ದ್ವೀಪದ ಮರವೊಂದರ ವರ್ಣನೆಯನ್ನು ಪ್ರಕಟಿಸಿತು. ಬರೆದವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೆಂದು ಹೇಳಿಕೊಂಡ ಫೋರ್ಷ್ ಎಂಬಾತ. ‘ಉಪಾಸ್’ ಎಂಬ ಆ ಮರದ ಸುತ್ತ ಹತ್ತಾರು ಮೈಲಿ ಹುಲ್ಲುಕಡ್ಡಿಯೂ ಬೆಳೆಯದು. ಮರಣದಂಡನೆಗೆ ಗುರಿಯಾದ ಕೈದಿಗಳಿಗೆ ಚರ್ಮದ ಮುಸುಕು ತೊಡಿಸಿ, ಗಾಳಿಯ ದಿಕ್ಕು ನೋಡಿ, ಅದರ ವಿಷ ತರಲು ಅಟ್ಟುತ್ತಾರೆ. ಇಪ್ಪತ್ತು ಜನ ಹೋದರೆ ಇಬ್ಬರು ಮರಳುವುದೂ ಕಷ್ಟ ಎಂದು ಆತ ಬರೆದಿದ್ದ.

ಯೂರೋಪ್ ಇದನ್ನು ನಂಬಿತು. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನ ತಾತ ಇರಾಸ್ಮಸ್ ಡಾರ್ವಿನ್ 1789ರಲ್ಲಿ ಈ ಮರವನ್ನು ಕಾವ್ಯಕ್ಕೆ ತಂದ. 1828ರಲ್ಲಿ ರಷ್ಯದ ಪುಷ್ಕಿನ್ ಇದರ ಮೇಲೆ ಕವಿತೆ ಬರೆದ. ಅಷ್ಟರಲ್ಲಾಗಲೇ ಫ್ರಾನ್ಸಿನ ಸಸ್ಯತಜ್ಞ ಲೆಶೆನೋ ಜಾವಾಕ್ಕೆ ಹೋಗಿ ಮರವನ್ನು ಕಣ್ಣಾರೆ ಕಂಡು, 1810ರಲ್ಲಿ ‘ಆಂಟಿಯಾರಿಸ್ ಟಾಕ್ಸಿಕೇರಿಯ’ ಎಂದು ಹೆಸರಿಟ್ಟಿದ್ದ. ಅದರ ಸುತ್ತ ಬೇರೆ ಗಿಡಗಳು ದಟ್ಟವಾಗಿಯೇ ಬೆಳೆದಿದ್ದವು. ಸತ್ಯಕ್ಕೆ ಕಥೆಯಷ್ಟು ಕಾಲಬಲ ಇರಲಿಲ್ಲ, ಅಷ್ಟೆ.

ಹಾಗೆಂದು ಎಲ್ಲವೂ ಸುಳ್ಳಲ್ಲ. ಜಾವಾ ಭಾಷೆಯಲ್ಲಿ ‘ಉಪಾಸ್’ ಎಂದರೆ ವಿಷ. ಹಲಸಿನ ಬಳಗಕ್ಕೆ ಸೇರಿದ ಈ ಮರದ ಹಾಲು ಗಾಯದ ಮೂಲಕ ರಕ್ತ ಸೇರಿದರೆ ಹೃದಯವನ್ನೇ ನಿಲ್ಲಿಸಬಲ್ಲದು. ಬೋರ್ನಿಯೋದ ಬೇಟೆಗಾರರು ಊದುಕೊಳವೆಯ ಬಾಣಗಳಿಗೆ ಅದನ್ನೇ ಸವರುತ್ತಿದ್ದರು. ಆದರೆ ನೆರಳಿಗೆ ನಿಂತವರನ್ನು ಮರ ಕೊಲ್ಲುವುದಿಲ್ಲ. ಜಾವಾದ ಜ್ವಾಲಾಮುಖಿ ಕಣಿವೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಮಡುಗಟ್ಟಿ ಪ್ರಾಣಿಗಳು ಸಾಯುವುದುಂಟು. ಆ ಅಪವಾದವೂ ಮರದ ತಲೆಗೆ ಬಂದಿರಬೇಕು.

ಇದೇ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಕನ್ನಡದಲ್ಲಿ ಇದು ಅಜ್ಜನಪಟ್ಟೆ. 19ನೇ ಶತಮಾನದಲ್ಲಿ ಕೊಡಗಿನ ಹಳ್ಳಿಗರು ಇದರಿಂದ ಚೀಲ ಮಾಡುತ್ತಿದ್ದರು. ಬೇಕಾದ ಅಳತೆಯ ಕೊಂಬೆ ಕಡಿದು, ನೆನೆಸಿ, ತೊಗಟೆ ಸಡಿಲವಾಗುವವರೆಗೆ ದೊಣ್ಣೆಯಿಂದ ಬಡಿಯುವುದು. ಬಳಿಕ ತೊಗಟೆಯನ್ನು ಒಳಹೊರಗು ಮಾಡಿ ಕೆಳಕ್ಕೆ ಎಳೆಯುತ್ತ ಹೋಗಿ, ಕೊನೆಗೆ ಕಟ್ಟಿಗೆಯನ್ನು ಗರಗಸದಿಂದ ಕೊಯ್ಯುವುದು. ತುದಿಯಲ್ಲಿ ಒಂದು ಬಿಲ್ಲೆ ಮಾತ್ರ ಬಿಡುತ್ತಿದ್ದರು. ಅದೇ ಚೀಲದ ತಳ. ಹೊಲಿಗೆಯ ಗೊಡವೆಯೇ ಇಲ್ಲ. ಆ ಚೀಲದಲ್ಲಿ ಅವರು ಸಾಗಿಸುತ್ತಿದ್ದುದು ಅಕ್ಕಿ!

ಈ ಚೀಲಗಳನ್ನು ಕಂಡ ಸಸ್ಯಶಾಸ್ತ್ರಜ್ಞರು ಘಟ್ಟದ ಮರ ಬೇರೆಯದೇ ಜಾತಿಯೆಂದು ಬಗೆದು ‘ಸ್ಯಾಕಿಡೋರ’, ಅಂದರೆ ಚೀಲ ಕೊಡುವ ಮರ, ಎಂದು ಕರೆದರು. ಮುಂದೆ ಎರಡೂ ಒಂದೇ ಎಂದಾಯಿತು. ನಿಯಮದಂತೆ ಮೊದಲಿನ ಹೆಸರೇ ಉಳಿಯಿತು: ಟಾಕ್ಸಿಕೇರಿಯ, ವಿಷದ ಮರ.