ಬೆಳಗಾವಿ–ರಾಂಚಿ ವಿಮಾನ ದೂರ ಮತ್ತು ಸಮಯ: ಚಿಂಚಲಿಯಿಂದ ಶಿಖರಜಿ ಯಾತ್ರೆಗೆ ಹೊರಡುವವರಿಗೆ

ತೀರ್ಥಂಕರರಲ್ಲಿ 20 ಮಂದಿ ಮೋಕ್ಷ ಪಡೆದ ಶ್ರೀ ಸಮ್ಮೇದ ಶಿಖರಜಿ ಜಾರ್ಖಂಡ್‌ನ ಗಿರಿಡಿಹ್ ಜಿಲ್ಲೆಯಲ್ಲಿದೆ. ಚಿಂಚಲಿ, ಕುಡಚಿ, ರಾಯಬಾಗ ಭಾಗದಿಂದ ವಯಸ್ಸಾದ ತಂದೆ-ತಾಯಿಯನ್ನು ಅಲ್ಲಿಗೆ ವಿಮಾನದಲ್ಲಿ ಕರೆದೊಯ್ಯಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ, ಬೆಳಗಾವಿಯಿಂದ ರಾಂಚಿಗೆ ಎಷ್ಟು ಹೊತ್ತು?

ಸಾಂಬ್ರಾ ವಿಮಾನ ನಿಲ್ದಾಣದಿಂದ ರಾಂಚಿಯ ಬಿರ್ಸಾ ಮುಂಡಾ ನಿಲ್ದಾಣಕ್ಕೆ ಆಕಾಶಮಾರ್ಗದ ನೇರ ದೂರ ಸುಮಾರು 1,390 ಕಿ.ಮೀ. ಜೆಟ್ ವಿಮಾನಕ್ಕೆ ಇದು ಎರಡು ಗಂಟೆ ಚಿಲ್ಲರೆಯ ದಾರಿ. ದೂರ ಲೆಕ್ಕ ಹಾಕುವ ತಾಣಗಳು ತೋರಿಸುವುದೂ ಇದನ್ನೇ. ಆದರೆ ಈ ಮಾರ್ಗದಲ್ಲಿ ನೇರ ವಿಮಾನವೇ ಇಲ್ಲ.

ಹೆಚ್ಚಿನವರು ಬೆಂಗಳೂರಿನ ಮೇಲೆ ಹೋಗುತ್ತಾರೆ. ಬೆಳಗಾವಿ–ಬೆಂಗಳೂರು ನೇರ ದೂರ ಸುಮಾರು 440 ಕಿ.ಮೀ., ಅಲ್ಲಿಂದ ರಾಂಚಿಗೆ ಸುಮಾರು 1,380 ಕಿ.ಮೀ. ಅಂದರೆ ಬೆಂಗಳೂರು ಮುಟ್ಟಿದ ಮೇಲೂ ರಾಂಚಿ ಹತ್ತಿರ ಬಂದಿರುವುದಿಲ್ಲ! ಹಾರಾಟವೇ ಮೂರೂವರೆಯಿಂದ ನಾಲ್ಕು ಗಂಟೆ, ಮಧ್ಯೆ ಕಾಯುವುದು ಬೇರೆ. ರಾಂಚಿಯಿಂದ ಬೆಟ್ಟದ ತಪ್ಪಲಿನ ಮಧುಬನಕ್ಕೆ ರಸ್ತೆಯಲ್ಲಿ ಇನ್ನೂ 4–5 ಗಂಟೆ. ಚಿಂಚಲಿಯ ಮನೆ ಬಿಟ್ಟ ಗಳಿಗೆಯಿಂದ ಲೆಕ್ಕ ಹಾಕಿದರೆ 14–16 ಗಂಟೆ ಬೇಕು.

ನಕ್ಷೆಯಲ್ಲಿ ಅಳೆದರೆ ಚಿಂಚಲಿಗೆ ಬೆಳಗಾವಿಗಿಂತ ಕೊಲ್ಹಾಪುರದ ವಿಮಾನ ನಿಲ್ದಾಣವೇ ಹತ್ತಿರ: ನೇರ ದೂರ ಸುಮಾರು 60 ಕಿ.ಮೀ., ಸಾಂಬ್ರಾ ಸುಮಾರು 80 ಕಿ.ಮೀ. ಎರಡೂ ಕಡೆಯ ವೇಳಾಪಟ್ಟಿ ನೋಡಿಯೇ ನಿರ್ಧರಿಸಿ. ಆ ತುದಿಯಲ್ಲೂ ಹಾಗೆಯೇ. 2022ರ ಜುಲೈನಲ್ಲಿ ಉದ್ಘಾಟನೆಯಾದ ದೇವಘರ್ ನಿಲ್ದಾಣ ಮಧುಬನಕ್ಕೆ ರಾಂಚಿಗಿಂತ ಸಮೀಪ, ಆದರೆ ಅಲ್ಲಿಗೆ ವಿಮಾನಗಳು ಕಡಿಮೆ.

ಎರಡೂ ಹಾರಾಟಗಳನ್ನು ಒಂದೇ ಟಿಕೆಟ್‌ನಲ್ಲಿ ತೆಗೆದುಕೊಳ್ಳಿ. ಬೇರೆ ಬೇರೆ ತೆಗೆದುಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹಣ ಹೋಗುವುದು ನಿಮ್ಮದೇ. ಡಿಸೆಂಬರ್–ಜನವರಿಯಲ್ಲಿ ರಾಂಚಿ ಕಡೆ ಬೆಳಗಿನ ಮಂಜಿನಿಂದ ವಿಮಾನಗಳು ತಡವಾಗುವುದುಂಟು.

ರಾತ್ರಿಭೋಜನ ತ್ಯಾಗದ ನಿಯಮವಿರುವವರು ಇನ್ನೊಂದು ಮಾತು ಗಮನಿಸಬೇಕು. ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಹಾಗಲ್ಲ. ಮಧುಬನ ನಮ್ಮೂರಿಗಿಂತ ಸುಮಾರು 11 ಡಿಗ್ರಿ ಪೂರ್ವಕ್ಕಿದೆ, ಒಂದು ಡಿಗ್ರಿಗೆ 4 ನಿಮಿಷದ ವ್ಯತ್ಯಾಸ. ಉತ್ತರಕ್ಕೂ ಇರುವುದರಿಂದ ಚಳಿಗಾಲದ ಹಗಲು ಅಲ್ಲಿ ಇನ್ನೂ ಚಿಕ್ಕದು. ಡಿಸೆಂಬರ್ ಮೊದಲ ವಾರ ಚಿಂಚಲಿಯಲ್ಲಿ ಸಂಜೆ 6ರ ಆಸುಪಾಸಿಗೆ ಸೂರ್ಯಾಸ್ತವಾದರೆ ಅಲ್ಲಿ 5ಕ್ಕೇ. ಮಧ್ಯಾಹ್ನ 2ಕ್ಕೆ ರಾಂಚಿಯಲ್ಲಿ ಇಳಿದು "ಮಧುಬನಕ್ಕೆ ಹೋಗಿ ಉಂಡರಾಯಿತು" ಎಂದುಕೊಂಡರೆ ಹಿರಿಯರು ಉಪವಾಸ ಮಲಗಬೇಕಾಗುತ್ತದೆ. ಮರುದಿನ ನಸುಕಿನಲ್ಲಿ ಶುರುವಾಗುವ ವಂದನೆಯೋ 27 ಕಿ.ಮೀ. ನಡಿಗೆ: 9 ಏರು, 9 ಟೋಂಕುಗಳ ಸುತ್ತ, 9 ಇಳಿಜಾರು. ಆದ್ದರಿಂದ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಡಿ, ದಾರಿಯಲ್ಲೇ 4 ಗಂಟೆಯೊಳಗೆ ಊಟ ಮುಗಿಸಿ. ಮಂಡಿನೋವಿರುವವರಿದ್ದರೆ ಮಧುಬನದಲ್ಲಿ ಒಂದು ದಿನ ವಿಶ್ರಾಂತಿ ಇಟ್ಟುಕೊಳ್ಳಿ. ಡೋಲಿಯವರೂ ಅಲ್ಲಿ ಸಿಗುತ್ತಾರೆ.