ಕುದುರೆಯ ಸಾಗಾಟವೂ ನಮ್ಮ ಚರಿತ್ರೆಯೂ

ಹೊಣಕೆರೆ, ನಾಗಮಂಗಲಗಳ ಕಡೆಯಲ್ಲಿ ಜಾತ್ರೆಗೋ ಮದುವೆಯ ಮೆರವಣಿಗೆಗೋ ಕುದುರೆಯನ್ನು ಲಾರಿಯಲ್ಲಿ ತರುವುದುಂಟು. ಏರುಹಲಗೆಯ ಮುಂದೆ ಬಂದೊಡನೆ ಕುದುರೆಯು ಮುಂಗಾಲೂರಿ ನಿಂತುಬಿಡುವುದು, ಎಳೆದರೆ ಹಿಂಜರಿಯುವುದು, ಹೊಡೆದರೆ ಒದೆಯುವುದು. ನೋಡುತ್ತ ನಿಂತವರು "ಇದು ಹಠಮಾರಿ ಕುದುರೆ" ಎಂದು ತೀರ್ಪು ಕೊಟ್ಟುಬಿಡುವರು. ಈ ತೀರ್ಪು ನ್ಯಾಯವಾದುದೇ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಮಾಡುವುದೇ ಈ ಲೇಖನದ ಉದ್ದೇಶವು. ಕುದುರೆಯನ್ನು ದೂರ ಸಾಗಿಸುವ ಕೆಲಸವು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ರಾಜ್ಯಗಳ ಬಲಾಬಲಗಳು ಎಷ್ಟೋ ವೇಳೆ ಇದರ ಮೇಲೆಯೇ ನಿಂತಿದ್ದುವು.

ದಕ್ಷಿಣದೇಶದ ಹವೆಯಲ್ಲಿ ಯುದ್ಧಕ್ಕೆ ಯೋಗ್ಯವಾದ ಎತ್ತರದ ಕುದುರೆಗಳು ಸುಲಭವಾಗಿ ಬೆಳೆಯುತ್ತಿರಲಿಲ್ಲ. ಆದುದರಿಂದ ನಮ್ಮ ಅರಸರು ಅರಬ್ಬೀ ಮತ್ತು ಪಾರಸೀಕ ಕುದುರೆಗಳನ್ನು ಹೊರ್ಮುಜ್, ಏಡನ್ ಮೊದಲಾದ ರೇವುಗಳಿಂದ ತರಿಸಬೇಕಾಗುತ್ತಿದ್ದಿತು. ಅವು ಹೊನ್ನಾವರ, ಭಟಕಳ, ಗೋವೆಗಳಲ್ಲಿ ಇಳಿದು ಘಟ್ಟವನ್ನೇರಿ ಬರುತ್ತಿದ್ದುವು. 13ನೆಯ ಶತಮಾನದ ಕೊನೆಯಲ್ಲಿ ಹೊರ್ಮುಜನ್ನು ಕಂಡ ಮಾರ್ಕೊ ಪೋಲೊ ಅಲ್ಲಿಯ ಹಡಗುಗಳನ್ನು ವರ್ಣಿಸಿದ್ದಾನೆ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದ ಆ ಹಡಗುಗಳಿಗೆ ಮೇಲಟ್ಟವೇ ಇರಲಿಲ್ಲ. ಸರಕನ್ನು ತುಂಬಿ, ಅದರ ಮೇಲೆ ತೊಗಲನ್ನು ಹೊದಿಸಿ, ಆ ತೊಗಲಿನ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರಂತೆ. ಜಾರುವ ನೆಲ, ಮೇಲೆ ಉರಿಯುವ ಬಿಸಿಲು, ಕೆಳಗೆ ತೂಗಾಡುವ ಕಡಲು. ಇಂತಹ ಪ್ರಯಾಣದಲ್ಲಿ ಕುದುರೆಯು ಬೆದರಿ ಒದೆದರೆ ಅದನ್ನು ದುಷ್ಟಸ್ವಭಾವವೆನ್ನಬಹುದೇ?

ಇಲ್ಲಿ ಗಮನಿಸತಕ್ಕ ಮತ್ತೊಂದು ಸಂಗತಿಯುಂಟು. ಅದೇ ಕಾಲದ ಪಾರಸೀಕ ಚರಿತ್ರಕಾರನಾದ ವಸ್ಸಾಫನು ಪಾಂಡ್ಯರಾಜನಿಗೂ ಕುದುರೆ ವರ್ತಕರಿಗೂ ಇದ್ದ ಒಪ್ಪಂದವನ್ನು ಹೇಳಿದ್ದಾನೆ: ಕುದುರೆಯೊಂದಕ್ಕೆ 220 ದೀನಾರು ಬೆಲೆ, ದಾರಿಯಲ್ಲಿ ಕುದುರೆಯು ಗಾಯಗೊಂಡರೂ ಸತ್ತರೂ ಅರಸನೇ ಹಣವನ್ನು ತೆರಬೇಕು. ವಿಜಯನಗರದಲ್ಲಿಯೂ ಇಂತಹದೇ ಪದ್ಧತಿಯಿದ್ದಿತು. ತಾನೂ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಜ ನೂನಿಜನು, 15ನೆಯ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹನ ವಿಷಯವಾಗಿ ಹೀಗೆ ಬರೆದಿಟ್ಟಿದ್ದಾನೆ: ಅರಸನು ಸಾವಿರ ಪರದಾವುಗಳಿಗೆ ಮೂರರಂತೆ, ಬದುಕಿದ್ದರೂ ಸತ್ತಿದ್ದರೂ, ಕುದುರೆಗಳನ್ನು ಕೊಳ್ಳುತ್ತಿದ್ದನು, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಬದುಕಿದ್ದ ಕುದುರೆಯ ಬೆಲೆಯೇ ಸಲ್ಲುತ್ತಿದ್ದಿತು.

ಅರಸನ ದೃಷ್ಟಿಯಲ್ಲಿ ಇದು ರಾಜನೀತಿಯೇ ಸರಿ. ಉತ್ತರದಲ್ಲಿ ಬಹಮನಿಯ ಸುಲ್ತಾನರೂ ಕುದುರೆಗಳನ್ನು ಕೊಳ್ಳುತ್ತಿದ್ದರು. ನಷ್ಟದ ಭಯವಿಲ್ಲದ ವರ್ತಕನು ವಿಜಯನಗರದ ಕಡೆಗೇ ಬರುವನು. ಆದರೆ ಕುದುರೆಯ ದೃಷ್ಟಿಯಿಂದ ನೋಡಿದರೆ ಫಲವೇನಾಗಿರಬಹುದು? ಬಾಲಕ್ಕೂ ಪೂರ್ಣ ಬೆಲೆಯಿದ್ದ ಮೇಲೆ ನೀರಿನ ಪೀಪಾಯಿಯೊಂದನ್ನು ಹೆಚ್ಚಾಗಿ ಹೊರಲು, ನೆರಳು ಕಟ್ಟಲು, ಬೆದರಿದ ಪ್ರಾಣಿಯನ್ನು ಸಂತೈಸಲು ವರ್ತಕನಿಗೆ ಕಾರಣವೇ ಉಳಿಯಲಿಲ್ಲ. ಸಾಗಿಸುವವನಿಗೆ ನಷ್ಟ ತಟ್ಟದ ಕಡೆ ಸಾಗಿಸುವ ವಿದ್ಯೆ ಬೆಳೆಯುವುದಿಲ್ಲವೆಂದು ನನಗೆ ತೋರುತ್ತದೆ.

ಕುದುರೆಯ ಸ್ವಭಾವವನ್ನು ಬಲ್ಲವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣವನ್ನೂ ಶಿಕ್ಷಣವನ್ನೂ ವಿಸ್ತಾರವಾಗಿ ಹೇಳಿರುವನು. ನಮ್ಮ ಶಾಸನಗಳಲ್ಲಿ ಬರುವ 'ಸಾಹಣಿ' ಎಂಬವನು ಲಾಯದ ಅಧಿಕಾರಿಯು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶಿಗಳ ಸಾಲನ್ನು ಇಂದಿಗೂ ನೋಡಬಹುದು. ಲಾಯದಲ್ಲಿ ವಿದ್ಯೆಯಿದ್ದಿತು, ಹಡಗಿಗೆ ಅದು ಹತ್ತಲಿಲ್ಲ.

ಸಾಗಾಟದಲ್ಲಿ ಪ್ರಾಣಿಗಳ ಆರೈಕೆ ತಪ್ಪಿದರೆ ಯುದ್ಧವೇ ತಪ್ಪುವುದೆಂಬುದಕ್ಕೆ ನಿದರ್ಶನವು ನಮ್ಮ ಜಿಲ್ಲೆಯಲ್ಲಿಯೇ ಉಂಟು. 1791ರ ಮೇ ತಿಂಗಳಲ್ಲಿ ಕಾರ್ನವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಲು ಅರಕೆರೆಯ ಮಾರ್ಗವಾಗಿ ಬಂದನು. 15ನೆಯ ತಾರೀಖಿನ ಕಾಳಗದಲ್ಲಿ ಗೆದ್ದನು. ಗೆದ್ದರೂ ಫಲವಿಲ್ಲದೆ ಹೋಯಿತು. ಟಿಪ್ಪುವು ದಾರಿಯ ಮೇವನ್ನೆಲ್ಲ ಮೊದಲೇ ನಾಶಮಾಡಿಸಿದ್ದನು; ಮಳೆ ಹಿಡಿಯಿತು; ಎತ್ತುಗಳು ರೋಗದಿಂದಲೂ ಹಸಿವಿನಿಂದಲೂ ಗುಂಪುಗುಂಪಾಗಿ ಸತ್ತುವು; ರಾವುತರ ಕುದುರೆಗಳು ಸವಾರನನ್ನು ಹೊರಲಾರದಷ್ಟು ಸೊರಗಿದುವು. ಈಗ ಕೃಷ್ಣರಾಜಸಾಗರದ ನೀರಿನೊಳಗಿರುವ ಹಳೆಯ ಕನ್ನಂಬಾಡಿಯ ಬಳಿಯಲ್ಲಿ ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಹಿಂದಿರುಗಬೇಕಾಯಿತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಮೇವು ಮತ್ತು ಎತ್ತುಗಳ ವ್ಯವಸ್ಥೆಯನ್ನು ಭದ್ರಪಡಿಸಿಕೊಂಡೇ ಮರಳಿ ಬಂದನು.

ಇದಕ್ಕೆ ಪ್ರತಿಯಾದ ಚಿತ್ರವೊಂದನ್ನೂ ನೋಡೋಣ. ನಾಗಮಂಗಲಕ್ಕೆ ನೆರೆಯಾದ ಕುಣಿಗಲು ಸೀಮೆಯ ಕುದುರೆ ಸಾಕಣೆಯ ಕ್ಷೇತ್ರವು ಟಿಪ್ಪುವಿನ ಕಾಲದ್ದೆಂದು ಪ್ರಸಿದ್ಧವಾಗಿದೆ. ಮುಂದೆ ಮೈಸೂರಿನ ರಾವುತಪಡೆಗೂ ಅದು ಕುದುರೆಗಳನ್ನು ಒದಗಿಸಿತು. 1914ರ ಕೊನೆಯಲ್ಲಿ ಈ ಮೈಸೂರು ಲ್ಯಾನ್ಸರ್ಸ್ ಪಡೆಯು ಕುದುರೆಗಳೊಡನೆ ರೈಲಿನಲ್ಲಿ ಮುಂಬಯಿಗೂ ಅಲ್ಲಿಂದ ಹಡಗಿನಲ್ಲಿ ಸೂಯೆಜಿಗೂ ಹೋಯಿತು. ಆ ಕಾಲದ ಸೇನೆಯ ಹಡಗುಗಳಲ್ಲಿ ಕುದುರೆಯು ಪಯಣ ಮುಗಿಯುವವರೆಗೂ ಇಕ್ಕಟ್ಟಾದ ಗೂಡಿನಲ್ಲಿ ನಿಂತೇ ಇರಬೇಕಾಗಿದ್ದಿತು. ಆದರೆ ಕಾಲಿಗೆ ಚಾಪೆಯಿದ್ದಿತು. ಕೆಳಗಟ್ಟಕ್ಕೆ ಗಾಳಿಯನ್ನಿಳಿಸುವ ಕ್ಯಾನ್ವಾಸಿನ ಕೊಳವೆಗಳಿದ್ದುವು. ದುಡಿಮೆಯಿಲ್ಲದ ಮೈಗೆ ಕಾಳನ್ನು ತಗ್ಗಿಸಿ ಹುಲ್ಲನ್ನು ಹೆಚ್ಚಾಗಿ ಕೊಡುತ್ತಿದ್ದರು, ಕಾಲುಗಳನ್ನು ತಿಕ್ಕುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದುದು, ಮುಂದೆ ಆ ಕುದುರೆಯ ಬೆನ್ನನ್ನೇ ನಂಬಿ ಶತ್ರುವನ್ನು ಎದುರಿಸಬೇಕಾದ ರಾವುತನೇ ಅದರ ಜೊತೆಯಲ್ಲಿದ್ದುದು. ಅವನಿಗೆ ಬಾಲದಿಂದ ಏನೂ ಪ್ರಯೋಜನವಿರಲಿಲ್ಲ. 1918ರ ಸೆಪ್ಟೆಂಬರು 23ರಂದು ಈ ಪಡೆಯು ಜೋಧಪುರದ ರಾವುತರೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದ ಕಥೆಯನ್ನು ವಾಚಕರು ಬಲ್ಲರು. ಆ ಗೆಲವಿಗೆ ಮೊದಲು ಈ ಮೂಕಪ್ರಾಣಿಗಳ ಪಯಣವೊಂದಿದ್ದಿತೆಂಬುದನ್ನು ನೆನೆಯುವವರು ವಿರಳ.

ಇಂದಿನ ಪಶುವೈದ್ಯವು ಹೇಳುವುದೂ ಇದನ್ನೇ. ಕುದುರೆಯು ಬಯಲಿನ ಪ್ರಾಣಿ. ಅಪಾಯ ಕಂಡರೆ ಓಡುವುದೇ ಅದರ ರಕ್ಷಣೆ. ಬೆಳಕಿನಿಂದ ಕತ್ತಲೆಗೆ ಅದರ ಕಣ್ಣು ತಡವಾಗಿ ಹೊಂದಿಕೊಳ್ಳುವುದರಿಂದ ಲಾರಿಯ ಒಳಗು ಅದಕ್ಕೆ ಕಪ್ಪು ಗವಿಯಂತೆ ಕಾಣುವುದು. ಅಲ್ಲಿ ಏಟು ಬಿದ್ದರೆ ಗವಿಯೂ ಏಟೂ ಅದರ ನೆನಪಿನಲ್ಲಿ ಒಂದಾಗಿಬಿಡುವುವು. ಮುಂದಿನ ಸಲ ಹಠ ಇಮ್ಮಡಿಯಾಗುವುದು. ತಲೆಯನ್ನು ಎತ್ತರಕ್ಕೆ ಬಿಗಿದು ಬಹಳ ಹೊತ್ತು ಸಾಗಿಸಿದರೆ ಶ್ವಾಸನಾಳದ ಕಶ್ಮಲವು ಹೊರಬೀಳದೆ ಪುಪ್ಪುಸಕ್ಕೆ ಜ್ವರ ತಾಗುವುದುಂಟು. ಆದುದರಿಂದ ತಲೆ ತಗ್ಗಿಸಲು ಹಗ್ಗದಲ್ಲಿ ಸಡಿಲಿರಬೇಕು, ನೆಲ ಜಾರಬಾರದು, ಪರಿಚಿತವಾದ ಜೊತೆಯ ಕುದುರೆಯೊಂದಿದ್ದರೆ ಮೇಲು, ತಿರುವುಗಳಲ್ಲಿ ವಾಹನವು ಮೆಲ್ಲನೆ ಹೋಗಬೇಕು, ಕೆಲವು ಗಂಟೆಗಳಿಗೊಮ್ಮೆ ನಿಲ್ಲಿಸಿ ನೀರು ಕೊಡಬೇಕು. ನಮ್ಮ ದೇಶದ 1978ರ ಪ್ರಾಣಿ ಸಾಗಾಟದ ನಿಯಮಗಳಲ್ಲಿ ಕುದುರೆ, ಹೇಸರಗತ್ತೆಗಳಿಗೆ ಬೇರೆಯಾದ ಪ್ರಕರಣವೇ ಇದೆ.

ನಿಯಮವಿದ್ದ ಮಾತ್ರಕ್ಕೆ ಸಾಲದು. ಬಾಡಿಗೆಯ ಲಾರಿಯವನಿಗೆ ಕುದುರೆಯು ಬೆವರಿ ನಡುಗುತ್ತ ಇಳಿದರೂ ಕೂಲಿ ಪೂರ್ತಿಯಾಗಿ ಸಿಗುವುದಾದರೆ, ನಾವು ಇನ್ನೂ ಬಾಲಕ್ಕೆ ಬೆಲೆ ಕೊಡುತ್ತಿರುವೆವೆಂದೇ ತಿಳಿಯಬೇಕು. ಮುಂದಿನ ಜಾತ್ರೆಗೆ ಕುದುರೆಯನ್ನು ತರುವವರು ಹೊರಡುವುದಕ್ಕೆ ಒಂದು ವಾರ ಮೊದಲೇ ಲಾರಿಯನ್ನು ಲಾಯದ ಬಳಿ ನಿಲ್ಲಿಸಿ, ಏರುಹಲಗೆಯ ಮೇಲೆ ಒಂದು ಹಿಡಿ ಹುರುಳಿಯನ್ನು ಚೆಲ್ಲಿ, ಚಾವಟಿಯನ್ನು ಮನೆಯಲ್ಲಿಟ್ಟು ನೋಡಲಿ. ಕುದುರೆಯು ಹಠಮಾರಿಯೋ ಅಲ್ಲವೋ ಎಂಬುದು ಆಗ ತಿಳಿದುಬರುವುದು.